ಕಾಣದಿರುವ ಅಪವರ್ತನ



ಸಂಜೆಯ ಹೊತ್ತು ಮನೆಯ ಮಗುವು ಲೆಕ್ಕದ ಪುಸ್ತಕವನ್ನು ತಂದು ಮುಂದಿರಿಸಿ "ಇದು ಬರುತ್ತಿಲ್ಲ" ಎಂದಾಗ, ಅದು ಬಡ್ಡಿಯ ಲೆಕ್ಕವೋ ತ್ರೈರಾಶಿಯೋ ಆಗಿದ್ದರೆ ನಮ್ಮಲ್ಲಿ ಬಹುಮಂದಿ ಧೈರ್ಯದಿಂದಲೇ ಕನ್ನಡಕವನ್ನು ಹುಡುಕುತ್ತೇವೆ. ಬೀಜಗಣಿತವಾದರೆ ಮಾತ್ರ ಮರೆತಿದ್ದ ಯಾವುದೋ ಕೆಲಸ ಆಗಲೇ ನೆನಪಿಗೆ ಬರುತ್ತದೆ. ಕಲಿತದ್ದು ನಿಜ, ತೇರ್ಗಡೆಯಾದದ್ದೂ ನಿಜ. ಆದರೆ ಇಷ್ಟು ವರ್ಷಗಳ ಮೇಲೆ ಉಳಿದಿರುವುದು ಒಂದೇ ಒಂದು ಮಂತ್ರ: ಮೇಲಿರುವುದನ್ನೂ ಕೆಳಗಿರುವುದನ್ನೂ ಹೊಡೆದುಹಾಕು. ಈ ಮಂತ್ರವು ಅರ್ಧ ಸತ್ಯ. ಆದಕಾರಣವೇ ಪೂರ್ಣ ಅಸತ್ಯಕ್ಕಿಂತ ಹೆಚ್ಚಿನ ತೊಂದರೆಯನ್ನು ಕೊಟ್ಟಿದೆ. ಏನನ್ನು ಹೊಡೆದುಹಾಕಬಹುದು, ಏನನ್ನು ಕೂಡದು, ಹೊಡೆದುಹಾಕಿದ್ದು ಹೋಗುವಾಗ ತನ್ನೊಡನೆ ಏನನ್ನು ಕೊಂಡೊಯ್ಯುತ್ತದೆ ಎಂಬುದನ್ನು ಈ ಹೊತ್ತು ವಿಚಾರಮಾಡೋಣ.

ಕರಿಹಲಗೆಯಿಲ್ಲದೆ ಬೀಜಗಣಿತವನ್ನು ಬರಿಯ ಕಿವಿಗೆ ಹೇಳುವುದು ಕಷ್ಟ. ಆದುದರಿಂದ ಒಂದು ಚೂರು ಕಾಗದವನ್ನೂ ಪೆನ್ಸಿಲನ್ನೂ ಕೈಗೆಟುಕುವಂತೆ ಇಟ್ಟುಕೊಳ್ಳಬೇಕೆಂದು ತಮ್ಮನ್ನು ಬೇಡುತ್ತೇವೆ. ತಿಳಿಯದ ಸಂಖ್ಯೆಯನ್ನು ‘ಯ’ ಎಂದು ಕರೆಯೋಣ. ಇದು ನಮ್ಮ ಕಲ್ಪನೆಯಲ್ಲ. ಹಿಂದಿನ ಗಣಿತಜ್ಞರು ಅವ್ಯಕ್ತರಾಶಿಗೆ ‘ಯಾವತ್ತಾವತ್’, ಎಂದರೆ ‘ಎಷ್ಟೋ ಅಷ್ಟು’, ಎಂದು ಹೆಸರಿಟ್ಟು ಅದರ ಮೊದಲಕ್ಷರವನ್ನು ಬರೆಯುತ್ತಿದ್ದರು. ಎರಡನೆಯ ಅವ್ಯಕ್ತವು ಬಂದರೆ ‘ಕಾಲಕ’, ಮೂರನೆಯದು ಬಂದರೆ ‘ನೀಲಕ’. ಕಪ್ಪು, ನೀಲಿ ಎಂದು ಬಣ್ಣಗಳ ಹೆಸರು. ಯವನ್ನು ಯದಿಂದಲೇ ಗುಣಿಸಿದರೆ ‘ಯವರ್ಗ’, ಮತ್ತೊಮ್ಮೆ ಗುಣಿಸಿದರೆ ‘ಯಘನ’. ಇಷ್ಟು ಸಾಮಗ್ರಿ ಸಾಕು.

ಹನ್ನೆರಡು ಎಂಬುದು ಮೂರು ಮತ್ತು ಯಾವ ಸಂಖ್ಯೆಯ ಗುಣಲಬ್ಧ? ನಾಲ್ಕು ಎಂದು ಮಗುವೂ ಹೇಳೀತು. ಹೇಗೆ ಹೇಳಿತು? ಹನ್ನೆರಡನ್ನು ಮೂರರಿಂದ ಭಾಗಿಸಿ. ಗುಣಲಬ್ಧವೂ ಒಂದು ಅಪವರ್ತನವೂ ಗೊತ್ತಿದ್ದು ಇನ್ನೊಂದು ಕಾಣದಿದ್ದರೆ, ಅದನ್ನು ಹೊರಗೆಳೆಯುವ ಉಪಾಯ ಭಾಗಾಕಾರವೊಂದೇ. ‘ಅಪವರ್ತನ’ವೆಂಬ ಮಾತೇ ಇದನ್ನು ಹೇಳುತ್ತದೆ. ಲೀಲಾವತಿಯಂಥ ಸಂಸ್ಕೃತ ಗ್ರಂಥಗಳಲ್ಲಿ ಅದಕ್ಕೆ ಎರಡು ರಾಶಿಗಳನ್ನು ಒಂದೇ ಸಂಖ್ಯೆಯಿಂದ ಭಾಗಿಸಿ ಕಿರಿದುಮಾಡುವುದು ಎಂಬ ಅರ್ಥವಿದೆ. ನಮ್ಮ ಕನ್ನಡ ಶಾಲಾಪುಸ್ತಕಗಳು ಭಾಗಿಸುವ ಆ ಸಂಖ್ಯೆಗೇ ಈ ಹೆಸರನ್ನು ಕೊಟ್ಟಿವೆ. ಕ್ರಿಯೆಯ ಹೆಸರು ಉಪಕರಣಕ್ಕೆ ಬಂದಂತಾಯಿತು.

ಈಗ ಯವರ್ಗ + ೫ಯ + ೬ ಎಂಬ ರಾಶಿಯನ್ನು ತೆಗೆದುಕೊಳ್ಳಿ. ಇದರ ಒಂದು ಅಪವರ್ತನ ಯ + ೨ ಎಂದು ಯಾರೋ ಹೇಳಿದರು, ಇನ್ನೊಂದು ಯಾವುದು? ಮೊದಲ ಪದ ಯವರ್ಗ ಬರಬೇಕಾದರೆ ಕಾಣದ ಅಪವರ್ತನವು ಯದಿಂದ ಆರಂಭವಾಗಬೇಕು. ಕೊನೆಯ ೬ ಬರಬೇಕಾದರೆ ಎರಡನ್ನು ಮೂರರಿಂದ ಗುಣಿಸಬೇಕು. ಹಾಗಾದರೆ ಅದು ಯ + ೩ ಇರಬಹುದು. ‘ಇರಬಹುದು’ ಎಂದೆವು, ‘ಇದೆ’ ಎನ್ನಲಿಲ್ಲ. ನಡುವಿನ ಪದ ಇನ್ನೂ ಸಾಕ್ಷಿ ಹೇಳಿಲ್ಲ. ಗುಣಿಸಿ ನೋಡಿದರೆ ೩ಯ ಮತ್ತು ೨ಯ ಸೇರಿ ೫ಯ ಆಗುತ್ತದೆ. ಈಗ ‘ಇದೆ’ ಎನ್ನಬಹುದು. ಮೊದಲು ಮತ್ತು ಕೊನೆಯನ್ನು ನೋಡಿ ಊಹಿಸುವುದು, ನಡುವನ್ನು ನೋಡಿ ಪರೀಕ್ಷಿಸುವುದು ಇದರ ಕ್ರಮ. ಮಕ್ಕಳು ಊಹೆಯಲ್ಲಿ ತಪ್ಪುವುದಿಲ್ಲ, ಪರೀಕ್ಷೆಯನ್ನು ಬಿಡುತ್ತಾರೆ.

ಸ್ವಲ್ಪ ಗಟ್ಟಿಯಾದುದೊಂದನ್ನು ನೋಡೋಣ: ಯಘನ − ೭ಯ + ೬. ಇಲ್ಲಿ ಯಾವ ಅಪವರ್ತನವನ್ನೂ ಯಾರೂ ಹೇಳಿಕೊಟ್ಟಿಲ್ಲ. ಯದ ಸ್ಥಾನದಲ್ಲಿ ಎರಡನ್ನು ಇಟ್ಟು ನೋಡಿ. ಎಂಟರಿಂದ ಹದಿನಾಲ್ಕು ಕಳೆದು ಆರು ಕೂಡಿಸಿದರೆ ಸೊನ್ನೆ. ಒಂದು ರಾಶಿಯು ಎರಡರಲ್ಲಿ ಸೊನ್ನೆಯಾದರೆ ಅದರೊಳಗೆ ಯ − ೨ ಎಂಬ ಅಪವರ್ತನವು ಅಡಗಿದೆಯೆಂದೇ ಅರ್ಥ. ಫ್ರೆಂಚ್ ತತ್ತ್ವಜ್ಞ ಡೆಕಾರ್ಟನು ೧೬೩೭ರಲ್ಲಿ ಪ್ರಕಟಿಸಿದ ತನ್ನ ಜ್ಯಾಮಿತಿಯ ಗ್ರಂಥದಲ್ಲಿ ಈ ಮಾತನ್ನು ಸ್ಪಷ್ಟವಾಗಿ ಹೇಳಿದ್ದಾನೆ. ಇನ್ನು ಉಳಿದ ಅಪವರ್ತನ ಹೇಗಿರಬೇಕು? ಮೊದಲು ಯವರ್ಗ, ಕೊನೆಯಲ್ಲಿ ಋಣ ೩, ಏಕೆಂದರೆ ಋಣ ೨ನ್ನು ಋಣ ೩ರಿಂದ ಗುಣಿಸಿದರೆ ಧನ ೬. ನಡುವೆ ಎಷ್ಟು ಯ? ಮೂಲರಾಶಿಯಲ್ಲಿ ಯವರ್ಗದ ಪದವೇ ಇಲ್ಲ. ಅದು ಇಲ್ಲವೆಂದರೆ ಮರೆತುಬಿಡತಕ್ಕದ್ದಲ್ಲ. ಅಲ್ಲಿ ಸೊನ್ನೆ ಯವರ್ಗವಿದೆ ಎಂದು ತಿಳಿಯಬೇಕು. ಗುಣಾಕಾರದಲ್ಲಿ ಋಣ ೨ ಯವರ್ಗವು ತಾನಾಗಿಯೇ ಬರುತ್ತದೆ. ಅದನ್ನು ಸೊನ್ನೆಮಾಡಲು ಧನ ೨ ಯವರ್ಗ ಬೇಕು. ಆದ್ದರಿಂದ ನಡುವಿನ ಪದ ೨ಯ. ಕಾಣದ ಅಪವರ್ತನ ಯವರ್ಗ + ೨ಯ − ೩. ಇದೂ ಒಡೆದು (ಯ + ೩)(ಯ − ೧) ಆಗುತ್ತದೆ. ಇಲ್ಲದ ಪದವು ಇಡೀ ಲೆಕ್ಕವನ್ನು ನಡೆಸಿಕೊಟ್ಟಿತು.

ಇದೇ ತತ್ತ್ವವು ನಮ್ಮ ದೇಶದ ಬೀಜಗಣಿತದಲ್ಲಿ ಎಷ್ಟು ಸೊಗಸಾಗಿ ಬಂದಿದೆಯೆಂಬುದಕ್ಕೆ ಭಾಸ್ಕರಾಚಾರ್ಯನ ಒಂದು ಲೆಕ್ಕವನ್ನು ಹೇಳದಿರಲಾರೆವು. ಭಾಸ್ಕರನು ಹುಟ್ಟಿದ್ದು ಕ್ರಿ. ಶ. ೧೧೧೪ರಲ್ಲಿ, ಸಿದ್ಧಾಂತಶಿರೋಮಣಿಯನ್ನು ಮುಗಿಸಿದ್ದು ೧೧೫೦ರಲ್ಲಿ, ಮೂವತ್ತಾರನೆಯ ವಯಸ್ಸಿನಲ್ಲಿ. ಅದರ ಬೀಜಗಣಿತಭಾಗದಲ್ಲಿ ಅವನು ಕೇಳುತ್ತಾನೆ: ಎರಡು ಸಂಖ್ಯೆಗಳಲ್ಲಿ ಒಂದನ್ನು ನಾಲ್ಕರಿಂದಲೂ ಇನ್ನೊಂದನ್ನು ಮೂರರಿಂದಲೂ ಗುಣಿಸಿ, ಕೂಡಿಸಿ, ಎರಡು ಸೇರಿಸಿದರೆ ಆ ಸಂಖ್ಯೆಗಳ ಗುಣಲಬ್ಧವೇ ಬರುತ್ತದೆ, ಸಂಖ್ಯೆಗಳು ಯಾವುವು? ಒಂದು ಸಮೀಕರಣ, ಎರಡು ಅವ್ಯಕ್ತಗಳು. ಮೊದಲ ನೋಟಕ್ಕೆ ಹಿಡಿಯುವುದಕ್ಕೆ ಕೊಂಡಿಯೇ ಇಲ್ಲ. ಭಾಸ್ಕರನು ಒಂದು ಆಯತವನ್ನು ಬರೆದು ತೋರಿಸುತ್ತಾನೆ. ನಾವು ಆಯತದ ಬದಲು ಒಂದು ಸೀರೆಯನ್ನು ಹಾಸೋಣ.

ಸೀರೆಯ ಉದ್ದ ಯ, ಅಗಲ ಕ. ಒಂದು ಪಕ್ಕದಲ್ಲಿ ಮಾತ್ರ ಉದ್ದಕ್ಕೂ ನಾಲ್ಕು ಅಳತೆಯ ಅಂಚು. ಒಂದು ಕೊನೆಯಲ್ಲಿ ಮೂರು ಅಳತೆಯ ಸೆರಗು. ಅಂಚಿನ ಕ್ಷೇತ್ರಫಲ ೪ಯ, ಸೆರಗಿನದು ೩ಕ. ಇಡೀ ಸೀರೆ ೪ಯ + ೩ಕ + ೨ ಎಂದು ಲೆಕ್ಕವು ಹೇಳುತ್ತದೆ. ಅಂಚನ್ನೂ ಸೆರಗನ್ನೂ ತೆಗೆದುಬಿಟ್ಟರೆ ಒಡಲಿಗೆ ಉಳಿಯುವುದು ಎರಡೇ ಎಂದು ತೋರೀತು. ಆದರೆ ಅಂಚೂ ಸೆರಗೂ ಕೂಡುವ ಮೂಲೆಯನ್ನು ನೋಡಿ. ಅದನ್ನು ಅಂಚಿನೊಡನೆ ಒಮ್ಮೆ ತೆಗೆದೆವು, ಸೆರಗಿನೊಡನೆ ಇನ್ನೊಮ್ಮೆ ತೆಗೆದೆವು. ಇದ್ದದ್ದು ಒಂದೇ ಮೂಲೆ. ಎರಡು ಸಲ ಕಳೆಯುವುದು ಅನ್ಯಾಯ. ಮೂರು ನಾಲ್ಕಲೆ ಹನ್ನೆರಡನ್ನು ಒಂದು ಸಲ ಹಿಂದಕ್ಕೆ ಕೊಡಬೇಕು. ಆಗ ಒಡಲಿನ ಕ್ಷೇತ್ರಫಲ ಎರಡಲ್ಲ, ಹದಿನಾಲ್ಕು. ಒಡಲಿನ ಉದ್ದ ಯ − ೩, ಅಗಲ ಕ − ೪, ಆದಕಾರಣ

(ಯ − ೩)(ಕ − ೪) = ೧೪.

ಹಿಡಿಯಲು ಕೊಂಡಿಯಿಲ್ಲದಿದ್ದ ಸಮೀಕರಣವು ಈಗ ಎರಡು ಅಪವರ್ತನಗಳಾಗಿ ನಿಂತಿದೆ. ಹದಿನಾಲ್ಕನ್ನು ಪೂರ್ಣಸಂಖ್ಯೆಗಳಾಗಿ ಒಡೆಯುವುದು ಒಂದು ಹದಿನಾಲ್ಕಲೆ, ಎರಡು ಏಳಲೆ, ಮತ್ತು ಅವುಗಳ ತಿರುವುಮುರುವು. ಆದ್ದರಿಂದ ಯ, ಕ ಎಂಬವು ೪, ೧೮ ಆಗಬಹುದು. ೫, ೧೧ ಆಗಬಹುದು. ೧೦, ೬ ಆಗಬಹುದು. ೧೭, ೫ ಆಗಬಹುದು. (ನಾಲ್ಕು ಉದ್ದ ಹದಿನೆಂಟು ಅಗಲದ ಸೀರೆಯನ್ನು ಯಾರೂ ಉಡಲಾರರು, ಗಣಿತಕ್ಕೆ ಆ ಚಿಂತೆಯಿಲ್ಲ.) ಕೂಡಿಸುವ ಪದಗಳ ರೂಪದಲ್ಲಿ ಮೌನವಾಗಿದ್ದ ರಾಶಿಯು ಗುಣಿಸುವ ಅಪವರ್ತನಗಳ ರೂಪಕ್ಕೆ ಬಂದೊಡನೆ ಮಾತನಾಡಿತು. ಅಪವರ್ತನವನ್ನು ಹುಡುಕುವುದಕ್ಕೆ ಇಷ್ಟು ಶ್ರಮವೇಕೆ ಎಂದು ಕೇಳುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರವನ್ನು ನಾವು ಕಂಡಿಲ್ಲ.

ಇನ್ನು ಹೊಡೆದುಹಾಕುವ ಮಂತ್ರಕ್ಕೆ ಬರೋಣ. ಮೇಲೆ ಯವರ್ಗ + ೫ಯ + ೬, ಕೆಳಗೆ ಯವರ್ಗ − ೪ ಇರುವ ಭಿನ್ನರಾಶಿಯನ್ನು ಸಂಕ್ಷೇಪಿಸಬೇಕಾಗಿದೆ. ಮಗುವಿನ ಪೆನ್ಸಿಲು ಮೊದಲು ಓಡುವುದು ಎರಡು ಯವರ್ಗಗಳ ಮೇಲೆ. ಅವನ್ನು ಕಾಟುಹಾಕಿದರೆ ಉಳಿಯುವುದು ಮೇಲೆ ೫ಯ + ೬, ಕೆಳಗೆ ಋಣ ೪. ಯ ಮೂರಾಗಿದ್ದರೆ ಏನಾಗುತ್ತದೆಂದು ನೋಡೋಣ. ಮೂಲ ಭಿನ್ನರಾಶಿಯಲ್ಲಿ ಮೇಲೆ ಮೂವತ್ತು, ಕೆಳಗೆ ಐದು, ಬೆಲೆ ಆರು. ಕಾಟುಹಾಕಿದುದರಲ್ಲಿ ಇಪ್ಪತ್ತೊಂದನ್ನು ಋಣ ನಾಲ್ಕರಿಂದ ಭಾಗಿಸಿದ್ದು. ಆರಕ್ಕೂ ಇದಕ್ಕೂ ನಂಟೇ ಇಲ್ಲ. ಸರಿಯಾದ ದಾರಿಯಲ್ಲಿ ಮೇಲಿನದು (ಯ + ೨)(ಯ + ೩), ಕೆಳಗಿನದು (ಯ + ೨)(ಯ − ೨). ಎರಡರಲ್ಲಿಯೂ ಇಡೀ ರಾಶಿಯನ್ನು ಗುಣಿಸಿರುವುದು ಯ + ೨. ಅದರಿಂದ ಎರಡನ್ನೂ ಭಾಗಿಸಿದರೆ ಮೇಲೆ ಯ + ೩, ಕೆಳಗೆ ಯ − ೨. ಮೂರನ್ನು ಇಟ್ಟರೆ ಬೆಲೆ ಆರು. ಹೊಡೆದುಹಾಕುವುದೆಂಬುದು ಅಳಿಸುವುದಲ್ಲ, ಭಾಗಿಸುವುದು. ಕೂಡಿಸಿದ ಪದಗಳಲ್ಲಿ ಒಂದನ್ನು ಮಾತ್ರ ಭಾಗಿಸಿ ಮಿಕ್ಕವನ್ನು ಬಿಟ್ಟರೆ ಅದು ಭಾಗಾಕಾರವೇ ಆಗುವುದಿಲ್ಲ.

ತಪ್ಪು ದಾರಿಯಲ್ಲಿಯೂ ಒಮ್ಮೊಮ್ಮೆ ಊರು ಸಿಕ್ಕುವುದುಂಟು. ಅರುವತ್ತನಾಲ್ಕರಲ್ಲಿ ಹದಿನಾರು ಎಂಬ ಭಿನ್ನರಾಶಿಯನ್ನು ಅಂಕಿಗಳಲ್ಲಿ ಬರೆದು, ಮೇಲಿನ ೬ನ್ನೂ ಕೆಳಗಿನ ೬ನ್ನೂ ಹೊಡೆದುಹಾಕಿ. ನಾಲ್ಕರಲ್ಲೊಂದು ಉಳಿಯುತ್ತದೆ, ಉತ್ತರವೂ ಅದೇ! ೨೬ ಮತ್ತು ೬೫, ೧೯ ಮತ್ತು ೯೫, ೪೯ ಮತ್ತು ೯೮ ಎಂಬ ಜೋಡಿಗಳಲ್ಲಿಯೂ ಹೀಗೆಯೇ ಆಗುತ್ತದೆ. ಎರಡಂಕಿಯ ಭಿನ್ನರಾಶಿಗಳಲ್ಲಿ, ಹನ್ನೊಂದರಲ್ಲಿ ಹನ್ನೊಂದು ಎಂಬಂಥವನ್ನೂ ಕೊನೆಯ ಸೊನ್ನೆಗಳನ್ನೂ ಬಿಟ್ಟರೆ, ಈ ಚಮತ್ಕಾರ ಮಾಡತಕ್ಕವು ಈ ನಾಲ್ಕೇ. ಉತ್ತರವು ಸರಿಯಾಗಿದೆಯೆಂದು ಪೂರ್ಣ ಅಂಕವನ್ನು ಕೊಡುವ ಉಪಾಧ್ಯಾಯರಿಗೆ ಇವನ್ನು ಒಮ್ಮೆ ತೋರಿಸಬೇಕೆಂದು ನಮ್ಮ ಆಸೆ.

ವರ್ಗಮೂಲಗಳು ಬಂದಲ್ಲಿಯೂ ನಿಯಮ ಬೇರೆಯಿಲ್ಲ. ಯದ ವರ್ಗಮೂಲದ ಮೂರರಷ್ಟಕ್ಕೆ, ಆರನ್ನು ಅದೇ ವರ್ಗಮೂಲದಿಂದ ಭಾಗಿಸಿ ಬಂದದ್ದನ್ನು ಕೂಡಿಸಿದೆ ಎನ್ನೋಣ. ಇದರಿಂದ ‘ಮೂರು ಭಾಗಿಸು ಯದ ವರ್ಗಮೂಲ’ ಎಂಬುದನ್ನು ಹೊರಗೆ ತೆಗೆದರೆ ಒಳಗೆ ಉಳಿಯುವುದೇನು? ಒಂದೊಂದು ಪದವನ್ನೂ ಭಾಗಿಸಿ: ಮೊದಲನೆಯದರಿಂದ ಯ, ಎರಡನೆಯದರಿಂದ ೨. ಕಾಣದ ಅಪವರ್ತನ ಯ + ೨. ಅತ್ಯಂತ ಕಿರಿಯ ಘಾತವನ್ನು, ಅದು ಛೇದದಲ್ಲಿದ್ದರೂ, ಮೊದಲು ಹೊರಗೆ ತೆಗೆಯುವುದು ಇಲ್ಲಿಯ ಜಾಣತನ.

ಹೊಡೆದುಹಾಕುವುದು ಭಾಗಾಕಾರವೆಂದಮೇಲೆ ಒಂದು ಭಯವು ಕೂಡಲೇ ಏಳಬೇಕು. ನಾವು ಭಾಗಿಸಿದ್ದು ಸೊನ್ನೆಯಿಂದಲೇನಾದರೂ ಆಗಿದ್ದರೆ?

ನಮ್ಮ ವಿದ್ಯಾರ್ಥಿದೆಸೆಯ ಒಂದು ಪರೀಕ್ಷೆಯಲ್ಲಿ ಇಂಥ ಲೆಕ್ಕವಿತ್ತು: ನೆಲದಿಂದ ಮೇಲಕ್ಕೆ ಚಿಮ್ಮಿದ ಚೆಂಡು ಯ ಸೆಕೆಂಡುಗಳಾದಮೇಲೆ ಸುಮಾರಾಗಿ ೨೦ಯ − ೫ಯವರ್ಗ ಮೀಟರು ಎತ್ತರದಲ್ಲಿರುತ್ತದೆ, ಅದು ನೆಲದಮೇಲಿರುವುದು ಯಾವ ಯಾವ ಕ್ಷಣಗಳಲ್ಲಿ? ನಾವು ೨೦ಯ = ೫ಯವರ್ಗ ಎಂದು ಬರೆದು, ಎರಡು ಕಡೆಯೂ ಯವನ್ನು ಹೊಡೆದುಹಾಕಿ, ನಾಲ್ಕು ಸೆಕೆಂಡು ಎಂದು ಉತ್ತರಿಸಿ, ಬೀಗುತ್ತ ಹೊರಬಂದೆವು. ಕಾಗದವು ಹಿಂದಿರುಗಿದಾಗ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಒಂದು ಪ್ರಶ್ನೆ ಇತ್ತು: ಚೆಂಡು ಹೊರಟದ್ದು ಎಲ್ಲಿಂದ? ಸೊನ್ನೆಯ ಕ್ಷಣದಲ್ಲಿಯೂ ಚೆಂಡು ನೆಲದಮೇಲೆಯೇ ಇತ್ತು. ಆ ಕ್ಷಣವನ್ನು ಯದೊಡನೆ ನಾವೇ ಕಾಟುಹಾಕಿದ್ದೆವು. ಹೊಡೆದುಹಾಕದೆ ೫ಯ(೪ − ಯ) = ೦ ಎಂದು ಅಪವರ್ತನಗಳನ್ನು ಬರೆದಿದ್ದರೆ ಎರಡು ಉತ್ತರಗಳೂ ಕಣ್ಣೆದುರಿಗೆ ಇರುತ್ತಿದ್ದುವು. ಅಂದು ಕಳೆದ ಅಂಕಗಳು ಎಷ್ಟೆಂಬುದು ಮರೆತಿದೆ. ಆ ಪ್ರಶ್ನೆ ಮರೆತಿಲ್ಲ.

ಸಂಕ್ಷೇಪದಲ್ಲಿಯೂ ಇದೇ ಅಪಾಯವುಂಟು. (ಯವರ್ಗ − ೯) ÷ (ಯ − ೩) ಎಂಬುದನ್ನು ತೆಗೆದುಕೊಳ್ಳಿ. ಮೇಲಿನದು (ಯ + ೩)(ಯ − ೩); ಹೊಡೆದುಹಾಕಿದರೆ ಯ + ೩. ಯ ಹತ್ತಾದರೆ ಎರಡಕ್ಕೂ ಹದಿಮೂರು, ಯ ನೂರಾದರೆ ಎರಡಕ್ಕೂ ನೂರಮೂರು. ಯ ಮೂರಾದರೆ? ಸಂಕ್ಷೇಪವು ಆರು ಎನ್ನುತ್ತದೆ; ಮೂಲವು ಸೊನ್ನೆಯನ್ನು ಸೊನ್ನೆಯಿಂದ ಭಾಗಿಸು ಎನ್ನುತ್ತದೆ. ಎರಡೂ ಒಂದೇ ರಾಶಿಯೆಂದು ಹೇಗೆ ಹೇಳೋಣ?

ಸೊನ್ನೆಯ ಭಾಗಾಕಾರವು ದೊಡ್ಡ ದೊಡ್ಡವರನ್ನೇ ಎಡವಿಸಿದೆ. ಸೊನ್ನೆಗೆ ನಿಯಮಗಳನ್ನು ಬರೆದುಕೊಟ್ಟ ಬ್ರಹ್ಮಗುಪ್ತನು ೬೨೮ರಲ್ಲಿ ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದರೆ ಸೊನ್ನೆ ಎಂದನು. ನಮ್ಮ ನಾಡಿನ ಮಹಾವೀರಾಚಾರ್ಯನು, ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ೮೫೦ರ ಸುಮಾರಿಗೆ ಬರೆದ ಗಣಿತಸಾರಸಂಗ್ರಹದಲ್ಲಿ, ಸೊನ್ನೆಯಿಂದ ಭಾಗಿಸಿದ ಸಂಖ್ಯೆಯು ಬದಲಾಗದೆ ಉಳಿಯುತ್ತದೆ ಎಂದನು. ಹಂಚಿಕೊಳ್ಳುವವರು ಯಾರೂ ಇಲ್ಲದಿದ್ದರೆ ಇದ್ದದ್ದು ಇದ್ದಂತೆಯೇ ಇರುತ್ತದಲ್ಲವೆ ಎಂದು ಅವನು ಭಾವಿಸಿರಬಹುದು. ಮಹಾವೀರನಲ್ಲಿ ನಮಗೆ ಅಭಿಮಾನವಿದೆ, ಭಿನ್ನರಾಶಿಗಳಲ್ಲಿ ಅವನ ಕೈಚಳಕ ಅಸಾಮಾನ್ಯ. ಆದರೂ ಈ ಮಾತು ನಿಲ್ಲುವುದಿಲ್ಲ. ಐದನ್ನು ಸೊನ್ನೆಯಿಂದ ಭಾಗಿಸಿದರೆ ಐದೇ ಎನ್ನುವುದಾದರೆ ಐದನ್ನು ಸೊನ್ನೆಯಿಂದ ಗುಣಿಸಿ ಐದನ್ನೇ ಪಡೆಯಬೇಕಾಗುತ್ತದೆ. ಭಾಸ್ಕರನು ಅಂಥ ರಾಶಿಗೆ ‘ಖಹರ’ವೆಂದು ಹೆಸರಿಟ್ಟು ಅದನ್ನು ಅನಂತವೆಂದು ಕರೆದನು, ಸೃಷ್ಟಿಪ್ರಳಯಗಳಲ್ಲಿ ಜೀವರಾಶಿಗಳು ಹೊರಟರೂ ಒಳಸೇರಿದರೂ ವಿಕಾರವಿಲ್ಲದ ಅಚ್ಯುತನಿಗೆ ಅದನ್ನು ಹೋಲಿಸಿದನು. ಇಂದಿನ ಗಣಿತವು ಇಷ್ಟು ಭಕ್ತಿಯನ್ನು ತೋರುವುದಿಲ್ಲ. ಕಾಣದ ಅಪವರ್ತನವನ್ನು ಹುಡುಕುವುದೇ ಭಾಗಾಕಾರ. ಸೊನ್ನೆಯಿಂದ ಗುಣಿಸಿದರೆ ಐದಾಗತಕ್ಕ ಸಂಖ್ಯೆ ಇಲ್ಲವೇ ಇಲ್ಲ. ಸೊನ್ನೆಯಿಂದ ಗುಣಿಸಿದರೆ ಸೊನ್ನೆಯಾಗತಕ್ಕ ಸಂಖ್ಯೆಯೋ, ಎಲ್ಲವೂ ಹೌದು. ಮೊದಲನೆಯದರಲ್ಲಿ ಉತ್ತರವಿಲ್ಲ, ಎರಡನೆಯದರಲ್ಲಿ ಉತ್ತರಕ್ಕೆ ಮಿತಿಯಿಲ್ಲ. ಆದ್ದರಿಂದ ಎರಡನ್ನೂ ನಿಷೇಧಿಸಿದ್ದಾರೆ. ಮೇಲಿನ ಲೆಕ್ಕದಲ್ಲಿ ಯ + ೩ ಎಂದು ಬರೆದು, ಪಕ್ಕದಲ್ಲಿ ‘ಯ ಮೂರಾಗಕೂಡದು’ ಎಂದು ಸೇರಿಸಿದರೆ ಮಾತ್ರ ಉತ್ತರವು ಪೂರ್ಣವಾಗುತ್ತದೆ.

ಆದರೂ ಆ ಆರು ಎಂಬುದು ಬರಿಯ ಸುಳ್ಳೆ? ಯ ೨.೯ ಆದರೆ ಮೂಲರಾಶಿಯ ಬೆಲೆ ೫.೯, ೨.೯೯ ಆದರೆ ೫.೯೯, ಆ ಕಡೆಯಿಂದ ೩.೦೧ ಆದರೆ ೬.೦೧. ಮೂರರ ಸುತ್ತಲಿನವರೆಲ್ಲ ಆರನ್ನೇ ಬೆರಳಿಟ್ಟು ತೋರಿಸುತ್ತಿದ್ದಾರೆ. ಲೀಲಾವತಿಯ ಒಂದು ಲೆಕ್ಕ ಇಲ್ಲಿ ನೆನಪಾಗುತ್ತದೆ. ಒಂದು ಸಂಖ್ಯೆಯನ್ನು ಸೊನ್ನೆಯಿಂದ ಗುಣಿಸಿ, ಬಂದದ್ದಕ್ಕೆ ಅದರ ಅರ್ಧವನ್ನು ಕೂಡಿಸಿ, ಮೂರರಿಂದ ಗುಣಿಸಿ, ಸೊನ್ನೆಯಿಂದ ಭಾಗಿಸಿದರೆ ಅರುವತ್ತಮೂರು ಬರುತ್ತದೆ, ಸಂಖ್ಯೆ ಯಾವುದು? ಭಾಸ್ಕರನ ವಿಧಾನವೆಂದರೆ, ಮುಂದೆ ಇನ್ನೂ ಕ್ರಿಯೆಗಳಿರುವಾಗ ಸೊನ್ನೆಯಿಂದ ಗುಣಿಸಿದ್ದನ್ನು ಕೂಡಲೇ ಸೊನ್ನೆಮಾಡದೆ, ಸೊನ್ನೆಯನ್ನು ಗುಣಕವಾಗಿಯೇ ಇಟ್ಟುಕೊಳ್ಳಬೇಕು. ಆಮೇಲೆ ಸೊನ್ನೆಯೇ ಭಾಜಕವಾಗಿ ಬಂದರೆ ಎರಡೂ ಹೋಗಿ ರಾಶಿಯು ಉಳಿಯುತ್ತದೆ. ಹಾಗೆ ಮಾಡಿದರೆ ಹದಿನಾಲ್ಕು: ಅದರ ಅರ್ಧ ಸೇರಿ ಇಪ್ಪತ್ತೊಂದು, ಮೂರರಷ್ಟು ಅರುವತ್ತಮೂರು. ಗ್ರಹಗಣಿತದಲ್ಲಿ ಇದರ ಉಪಯೋಗ ಬಹಳವೆಂದೂ ಅವನು ಹೇಳುತ್ತಾನೆ. ಇಂದಿನ ನಿಯಮಕ್ಕೆ ಇದು ಒಪ್ಪತಕ್ಕದ್ದಲ್ಲ. ಆದರೆ ಸೊನ್ನೆಯ ಬದಲು ಸೊನ್ನೆಗೆ ಅತಿ ಸಮೀಪವಾದ ಒಂದು ಅಣುವನ್ನು ಇಟ್ಟು ನೋಡಿ, ಹೆಜ್ಜೆಹೆಜ್ಜೆಯೂ ಸರಿಯಾಗುತ್ತದೆ.

ಆರು ನೂರು ವರ್ಷಗಳ ತರುವಾಯ ಯೂರೋಪಿನಲ್ಲಿ ಇದೇ ಜಗಳವು ದೊಡ್ಡದಾಗಿ ನಡೆಯಿತು. ಯ ಉದ್ದದ ಬಾಹುವುಳ್ಳ ಚೌಕದ ಬಾಹುವನ್ನು ಚ ಎಂಬಷ್ಟು ಕಿಂಚಿತ್ತಾಗಿ ಬೆಳೆಸಿದರೆ ಚೌಕವು ೨ಯಚ + ಚವರ್ಗದಷ್ಟು ಬೆಳೆಯುತ್ತದೆ. ಇದು ಚ(೨ಯ + ಚ) ಎಂಬ ಗುಣಲಬ್ಧ. ಬೆಳವಣಿಗೆಯ ವೇಗವನ್ನು ಅರಿಯಲು ಚದಿಂದ ಭಾಗಿಸಿ, ೨ಯ + ಚ ಪಡೆದು, ಇನ್ನು ಚ ಸೊನ್ನೆಯೆಂದುಕೊಂಡು ೨ಯ ಎನ್ನುತ್ತಿದ್ದರು. ನ್ಯೂಟನ್ನನ ಶಾಸ್ತ್ರವು ಇದರ ಮೇಲೆಯೇ ನಿಂತಿತ್ತು. ಐರ್ಲೆಂಡಿನ ಕ್ಲಾಯ್ನಿನ ಬಿಷಪ್ ಬರ್ಕ್ಲಿಯು ೧೭೩೪ರಲ್ಲಿ ‘ಅನಲಿಸ್ಟ್’ ಎಂಬ ಪುಸ್ತಕವನ್ನು ಬರೆದು ಇದನ್ನು ಹಿಡಿದು ನಿಲ್ಲಿಸಿದನು. ಭಾಗಿಸುವಾಗ ಚ ಸೊನ್ನೆಯಲ್ಲ, ಭಾಗಿಸಿಯಾದಮೇಲೆ ಸೊನ್ನೆ. ಇಷ್ಟನ್ನು ನಂಬತಕ್ಕವರು ಧರ್ಮದ ರಹಸ್ಯಗಳನ್ನು ಆಕ್ಷೇಪಿಸುವುದು ಹೇಗೆ ಎಂಬುದು ಅವನ ವಾದದ ಮೊನೆ. ಪಾದ್ರಿಯ ಉದ್ದೇಶವೇನೇ ಇರಲಿ, ಅವನು ಹಿಡಿದ ತಪ್ಪು ನಿಜವಾದ ತಪ್ಪು. ಅದಕ್ಕೆ ತೃಪ್ತಿಕರವಾದ ಉತ್ತರದ ದಾರಿ ತೆರೆದದ್ದು ೧೮೨೧ರಲ್ಲಿ, ಪ್ಯಾರಿಸಿನ ಕೋಶಿಯ ಪಾಠಗಳು ಅಚ್ಚಾದಾಗ: ಚ ಎಂದೂ ಸೊನ್ನೆಯಾಗಬೇಕಾಗಿಲ್ಲ, ಅದು ಸೊನ್ನೆಯ ಹತ್ತಿರ ಹತ್ತಿರ ಹೋದಂತೆ ೨ಯ + ಚ ಯಾವುದರ ಹತ್ತಿರ ಹೋಗುತ್ತದೆಂಬುದನ್ನು ಹೇಳಿದರೆ ಸಾಕು.

ಕಾಗದದಲ್ಲಿ ಇನ್ನೂ ಸ್ಥಳವಿದ್ದರೆ ಕೊನೆಯದಾಗಿ ಒಂದು ಲೆಕ್ಕವನ್ನು ಬರೆದುಕೊಳ್ಳಿ. ಯವರ್ಗಕ್ಕೆ ಯದ ಎಷ್ಟೋ ಪಾಲನ್ನು ಕೂಡಿಸಿ, ಹತ್ತನ್ನು ಕಳೆದು, ಎಲ್ಲವನ್ನೂ ಯ − ೨ರಿಂದ ಭಾಗಿಸಿದೆ. ಯ ಎರಡರ ಸಮೀಪಕ್ಕೆ ಬಂದಂತೆ ಬೆಲೆಯು ಮಿತಿಮೀರಿ ಓಡದೆ ಒಂದು ಸಂಖ್ಯೆಯ ಹತ್ತಿರ ನೆಲೆನಿಲ್ಲಬೇಕಾದರೆ ಆ ‘ಎಷ್ಟೋ’ ಎಷ್ಟಿರಬೇಕು? ಕಾಣದ ಅಪವರ್ತನ ಯಾವುದು, ನೆಲೆನಿಲ್ಲುವ ಸಂಖ್ಯೆ ಯಾವುದು? ಮನೆಯ ಮಕ್ಕಳನ್ನೂ ಜೊತೆಗೆ ಕೂರಿಸಿಕೊಂಡು ಮಾಡಬಹುದು. ಹತ್ತು ನಿಮಿಷದ ಕೆಲಸ.